ಬ್ಯಾಟರಿ ಕೈಕೊಟ್ಟ ಗಳಿಗೆಗೆ ಸಾಕ್ಷಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಿಮಾನ ನಿಲ್ದಾಣದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ರಬ್ಬರ್ ಕೈಗವಸು ತೊಟ್ಟ ಹೆಂಗಸೊಬ್ಬರು ಬ್ಯಾಟರಿಯ ಮುಚ್ಚಳ ಬಿಚ್ಚುತ್ತಿದ್ದಾರೆ. ಒಂದೊಂದು ಕೋಶವನ್ನೂ ಮೀಟರಿನ ಮೊನೆಯಿಂದ ಮುಟ್ಟಿ ತುಟಿಯಲ್ಲೇ ಲೆಕ್ಕ ಹೇಳಿಕೊಳ್ಳುತ್ತಾರೆ. ಶೆಡ್ಡಿನವರಿಗೆ ಇವರು 'ಬ್ಯಾಟರಿ ಅಕ್ಕ'. ಕಿಟಕಿ ಸೀಟಿಗಾಗಿ ಮುಖ ಊದಿಸಿಕೊಳ್ಳುವ ನಮಗೆ ಇಂಥವರೊಬ್ಬರು ಇದ್ದಾರೆ ಎಂಬುದೇ ಗೊತ್ತಿಲ್ಲ.

ಅಪ್ಪ ಬಸ್ ಡಿಪೋದ ಎಲೆಕ್ಟ್ರಿಷಿಯನ್. ಆಮ್ಲ ತಾಗಿ ತೂತುಬಿದ್ದ ಅವರ ಅಂಗಿಗಳನ್ನು ಹೊಲಿಯುತ್ತಲೇ ಬೆಳೆದವರು ಅಕ್ಕ. ಈ ಶೆಡ್ಡಿಗೆ ಬಂದ ಹೊಸದರಲ್ಲಿ, ಹೆಂಗಸು ಬ್ಯಾಟರಿ ಎತ್ತುವುದುಂಟೇ ಎಂದು ನಕ್ಕವರಿದ್ದರು. ಎತ್ತಲು ಟ್ರಾಲಿ ಇದೆಯಲ್ಲ ಎಂದು ಇವರೂ ನಕ್ಕರಂತೆ. ಈಗ ದಿನಕ್ಕೆ ನಾಲ್ಕೈದು ಬ್ಯಾಟರಿ ಇವರ ಕೈ ದಾಟುತ್ತವೆ. ಇವರ ಸಹಿ ಇಲ್ಲದೆ ಒಂದು ಬ್ಯಾಟರಿಯೂ ವಿಮಾನ ಏರುವಂತಿಲ್ಲ.

ಕಳೆದ ಚಳಿಗಾಲದಲ್ಲಿ ಆ ಸಹಿಗೇ ಕುತ್ತು ಬಂತು. ಇವರು ಪಾಸು ಮಾಡಿದ ಬ್ಯಾಟರಿಯೊಂದು ಮುಂಜಾನೆ ಎಂಜಿನ್ ಚಾಲೂ ಮಾಡುವಾಗ ಕೈಕೊಟ್ಟಿತು. ಶೆಡ್ಡಿಗೆ ತಂದು ನೋಡಿದರೆ ಗುಂಡುಕಲ್ಲಿನ ಹಾಗಿದೆ. ಮತ್ತೆ ಏರಿಸಿದರು, ಮತ್ತೆ ಕೈಕೊಟ್ಟಿತು. ಬ್ಯಾಟರಿಯ ಏರಿಳಿತ ಬರೆದಿಡುವ ವಿಮಾನದ ದಾಖಲೆಯಂತ್ರದಲ್ಲಿ ಒಂದು ಕುಂದೂ ದಾಖಲಾಗಿಲ್ಲ. ಯಂತ್ರ ಸುಳ್ಳು ಹೇಳೀತೇ? ಜೋಡಿಸಿದವರದೇ ತಪ್ಪೆಂದು ಕಂಪನಿ ಇವರ ಸಹಿಯ ಅಧಿಕಾರವನ್ನು ತಡೆಹಿಡಿಯಿತು. ತಪ್ಪು ರುಜುವಾಗಿದ್ದರೆ ಅದು ಮತ್ತೆಂದೂ ಮರಳುತ್ತಿರಲಿಲ್ಲ.

ಅಕ್ಕ ಕಂಪನಿಯ ಎಂಜಿನಿಯರ್ ಒಬ್ಬರ ಜತೆ ಕೂತು ದಾಖಲೆಯನ್ನು ಜಾಲಾಡಿದರು. ಯಂತ್ರ ಬರೆದುಕೊಳ್ಳುವುದು ನಾಲ್ಕು ಸೆಕೆಂಡಿಗೊಮ್ಮೆ ಮಾತ್ರ ಎಂದರು ಎಂಜಿನಿಯರ್. ಅದಕ್ಕೆ ಕರೆಂಟು ಎಲ್ಲಿಂದ ಎಂದು ಇವರು ಕೇಳಿದರು. ನೋಡಿದರೆ, ಇದೇ ಬ್ಯಾಟರಿಯಿಂದ! ಕುಸಿಯುವ ಮುಂಚಿನ ಸಾಲು ಚೆನ್ನಾಗಿದೆ, ಚೇತರಿಸಿಕೊಂಡ ಮೇಲಿನದೂ ಚೆನ್ನಾಗಿದೆ, ನಡುವಿನದನ್ನು ಬರೆದೇ ಇಲ್ಲ.

"ಬ್ಯಾಟರಿ ಜೊತೆಗೆ ಅದೂ ಕಣ್ಮುಚ್ಚುತ್ತೆ. ಮೂರ್ಛೆ ಹೋದೋರನ್ನೇ ಎಬ್ಬಿಸಿ, ಹೇಗೆ ಬಿದ್ರಿ ಅಂತ ಕೇಳಿದ ಹಾಗಿತ್ತು ನಮ್ಮ ವಿಚಾರಣೆ" ಎನ್ನುತ್ತಾರೆ ಅಕ್ಕ.

ಇನ್ನೊಂದು ಎಡವಟ್ಟು ತಮ್ಮದೇ ಎಂದು ಅವರು ಮುಚ್ಚಿಡದೆ ಹೇಳುತ್ತಾರೆ. ಬಯಲ ಚಳಿಯಲ್ಲಿ ಸೋತ ಬ್ಯಾಟರಿಯನ್ನು ಬೆಚ್ಚಗಿನ ಶೆಡ್ಡಿನಲ್ಲಿ ಪರೀಕ್ಷಿಸುತ್ತಿದ್ದರು. ಈ ಸಲ ಸರಕು ವಿಭಾಗದ ಶೀತಲ ಕೋಣೆಯಲ್ಲಿ, ಹೂವಿನ ಪೆಟ್ಟಿಗೆಗಳ ನಡುವೆ ಅದನ್ನು ಮಲಗಿಸಿದರು. ಸೆಕೆಂಡಿಗೆ ಸಾವಿರ ಸಲ ಅಳೆಯುವ, ಬೇರೆ ಕರೆಂಟಿನಿಂದ ನಡೆಯುವ ಯಂತ್ರವೊಂದನ್ನು ಎಂಜಿನಿಯರ್ ಎರವಲು ತಂದರು. ಎಂಜಿನ್ನಿನಷ್ಟೇ ಕರೆಂಟು ಎಳೆಯುವ ಭಾರ ಹಾಕಿದ್ದೇ ತಡ, ಪರದೆಯ ಗೆರೆ ಪಾತಾಳಕ್ಕಿಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆ ಬಂತು. ಎಂಜಿನ್ ಮುಷ್ಕರ ಹೂಡಲು ಅಷ್ಟು ಸಾಕು. ಬಿಚ್ಚಿದರೆ ಎರಡು ಕೋಶಗಳ ನಡುವಿನ ಕೊಂಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ಚಳಿಗೆ ಬಾಯಿ ಬಿಡುತ್ತದೆ, ಬೆಚ್ಚಗಾದರೆ ಮುಚ್ಚಿಕೊಳ್ಳುತ್ತದೆ. ತಯಾರಿಕೆಯಲ್ಲೇ ಉಳಿದ ದೋಷ. ಇಬ್ಬರೂ ಆ ಚಳಿಯಲ್ಲೇ ಕುಣಿದಾಡಿದರಂತೆ.

ಅದರ ಜೊತೆಗೇ ತಯಾರಾದ ಕೊಂಡಿಗಳನ್ನೆಲ್ಲ ಬದಲಿಸಲಾಯಿತು. ಸಹಿಯ ಅಧಿಕಾರ ಮರಳಿ ಬಂತು. ದಾಖಲೆಯಂತ್ರಕ್ಕೂ ಒಂದು ಪುಟ್ಟ ಸ್ವಂತ ಬ್ಯಾಟರಿ ಕೊಡಿ ಎಂಬುದಷ್ಟೇ ಈಗ ಅಕ್ಕನ ಬೇಡಿಕೆ. ಇದನ್ನು ಬರೆಯುವಾಗ ನನಗೇ ಹೆಮ್ಮೆಯಾಗುತ್ತಿದೆ.

ಸೊಸೆಯ ಸಹಿ ನಿಂತಾಗ ಅಕ್ಕಪಕ್ಕದವರೊಡನೆ ಮಾತನ್ನೇ ಬಿಟ್ಟಿದ್ದ ಅತ್ತೆ ಈಗ, ಸೊಸೆ ವಿಮಾನ ಹಾರಿಸುತ್ತಾಳೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ತಿದ್ದಿದರೆ ಕೇಳುವವರಲ್ಲ.

"ಹಾರ್ಸೋರು ಬೇರೆ ಇದಾರೆ ಅತ್ತೆ, ಅಂತೀನಿ" ಎನ್ನುತ್ತ ಅಕ್ಕ ಕೈಗವಸು ಕಳಚಿ, ಸಿದ್ಧವಾದ ಬ್ಯಾಟರಿಯ ಚೀಟಿಗೆ ಸಹಿ ಹಾಕುತ್ತಾರೆ. "ವಿಮಾನಾನ ನಿದ್ದೆಯಿಂದ ಎಬ್ಬಿಸೋದು ಮಾತ್ರ ನಾನು."