ಬಿಟ್ಟು ಹೋಗದವಳ ಲೆಕ್ಕ

ಬ್ರೂಕ್‌ಫೀಲ್ಡಿನ ಕೃಷ್ಣಮ್ಮನ ಹೊಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿತ್ತು. ಈಗ ಬಾಡಿಗೆದಾರರು ಬೆಳೆಯುತ್ತಾರೆ. ರಾಗಿಗೆ ಮಳೆಯೊಂದು ಸಾಕಿತ್ತು. ಇವರಿಗೆ ಕಾವೇರಿ ನೀರು, ಲಿಫ್ಟು, ಸ್ಕೂಟರ್ ನಿಲ್ಲಿಸಲು ನೆರಳು ಎಲ್ಲ ಬೇಕು. ಅದಕ್ಕೆಲ್ಲ ಗೊಣಗುವವಳಲ್ಲ ಕೃಷ್ಣಮ್ಮ. ಮನೆ ಖಾಲಿ ಬಿದ್ದರೆ ಮಾತ್ರ ಅವಳ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ.

ಮೊದಲ ಮಹಡಿಯಲ್ಲಿ ಎರಡು ಮನೆ, ಒಂದರ ಬಾಗಿಲು ಪೂರ್ವಕ್ಕೆ, ಇನ್ನೊಂದರದು ದಕ್ಷಿಣಕ್ಕೆ. ದಕ್ಷಿಣದ ಮನೆ ಬಿಟ್ಟ ಮೂವರೂ ಆರಾರು ತಿಂಗಳಿಗೇ ಗಂಟುಮೂಟೆ ಕಟ್ಟಿದವರು. ಪೂರ್ವದ್ದನ್ನು ಬಿಟ್ಟ ನಾಲ್ವರು ಎರಡೆರಡು ವರ್ಷ ಇದ್ದವರು. ಅಲ್ಲಿ ಈಗಿರುವವರು ಮೊನ್ನೆ ಬಂದವರು. ಇದನ್ನು ಕೇಳಿದ್ದೇ ತಡ, ವಾಸ್ತು ನೋಡುವ ನಂಜಪ್ಪ, "ಆ ಬಾಗ್ಲು ಮುಚ್ಚಿ, ಪೂರ್ವಕ್ಕೆ ಗೋಡೆ ಒಡೀರಿ" ಎಂದ. ಸೋಮವಾರ ಗಾರೆಯವರು ಬರುವುದೆಂದಾಯಿತು. ಅಷ್ಟರೊಳಗೆ ದಕ್ಷಿಣದ ಮನೆಯಲ್ಲಿರುವ ಸುಕೃತಿ ಖಾಲಿ ಮಾಡಬೇಕು.

ಸುಕೃತಿ ಐದು ವರ್ಷದಿಂದ ಆ ಮನೆಯಲ್ಲೇ ಇದ್ದವಳು. ಮೋಟರುಗಳು ಎಷ್ಟು ಕಾಲ ಬಾಳುತ್ತವೆಂದು ಪರೀಕ್ಷಿಸುವುದು ಅವಳ ಉದ್ಯೋಗ. ಸುದ್ದಿ ಕೇಳಿದವಳೇ ನೇರ ಕೆಳಗೆ ಕೃಷ್ಣಮ್ಮನ ಬಳಿಗೆ ಇಳಿದು ಬಂದಳು.

"ಆಂಟಿ, ನಿಮ್ಮ ಲೆಕ್ಕದಲ್ಲಿ ನಾನೆಲ್ಲಿ?"

"ನೀನೆಲ್ಲವ್ವ ಬಿಟ್ಟೋಗಿದ್ದೀಯ? ಬಿಟ್ಟೋದೋರ್ನ ತಾನೇ ಎಣಿಸಾಕಾಗೋದು. ನೀನಿನ್ನೆಷ್ಟು ದಿನ ಇರ್ತೀಯೋ ಯಾವನಿಗ್ಗೊತ್ತು?"

"ಕೊನೆ ಗೊತ್ತಿಲ್ದಿದ್ರೂ ಐದು ವರ್ಷ ಅಂತೂ ಇದ್ದೀನಲ್ಲ! ಎಲ್ಲಾ ಮೋಟರ್ ಸುಟ್ಟೋಗೋವರೆಗೂ ನಾವೇನು ಕಾಯ್ತೀವಾ? ಇನ್ನೂ ತಿರುಗ್ತಿರೋದು ಎಷ್ಟು ಓಡಿದ್ಯೋ ಅದನ್ನೂ ಸೇರಿಸ್ತೀವಿ. ಎಲ್ರೂ ಇದ್ದ ಕಾಲ ಕೂಡ್ಸಿ, ಬಿಟ್ಟೋರು ಎಷ್ಟು ಜನಾನೋ ಅಷ್ಟರಿಂದ ಭಾಗ್ಸಿ."

ಕೃಷ್ಣಮ್ಮ ಬೆರಳ ಗೆಣ್ಣು ಹಿಡಿದು ಎಣಿಸಿದಳು. ಬಿಟ್ಟ ಮೂವರದು ಒಂದೂವರೆ, ಸುಕೃತಿಯದು ಐದು, ಒಟ್ಟು ಆರೂವರೆ ವರ್ಷ; ಮೂರರಿಂದ ಭಾಗಿಸಿದರೆ ದಕ್ಷಿಣಕ್ಕೂ ಎರಡು ವರ್ಷದ ಮೇಲೆಯೇ ಬಂತು. ಬೆರಳನ್ನು ನಂಬದೆ ಇನ್ನೊಮ್ಮೆ ಎಣಿಸಿದಳು.

"ಅಂಗಾರೆ ಬಾಗ್ಲು ಒಳ್ಳೇದು ಅಂತಾಯ್ತು?"

"ಹಾಗೂ ಹೇಳಲ್ಲ ಆಂಟಿ. ಎರಡು ಬಾಗಿಲೂ ಒಂದೇ ಥರ ಇದ್ರೂ ಇಷ್ಟು ಹೆಚ್ಚುಕಡಿಮೆ ಸುಮ್‌ಸುಮ್ನೆ ಬರುತ್ತೆ. ಕೆಟ್ಟದ್ದು ಅನ್ನೋಕೆ ಸಾಕ್ಷಿ ಸಾಲ್ದು, ಅಷ್ಟೇ."

"ಸಾಕ್ಷಿ ಸಿಗ್ದೆ ಪೊಲೀಸ್ ಸ್ಟೇಷನ್ನಿಂದ ಬಿಟ್ಟು ಕಳಿಸ್ದಂಗೆ ಅನ್ನು!"

ಸಂಜೆ ನಂಜಪ್ಪ ಬಂದು ಎದೆ ಸೆಟೆಸಿದ. "ಅಕ್ಕ, ನಾನು ಸರಿ ಮಾಡಿದ ಮನೆಯೋರು ಒಬ್ರೂ ವಾಪಸ್ ಬಂದು ದೂರಿಲ್ಲ."

"ಇನ್ನೂ ದೂರಿಲ್ಲ ಅನ್ನಪ್ಪ" ಎಂದಳು ಕೃಷ್ಣಮ್ಮ.

ಗಾರೆಯವರಿಗೆ ಬೇಡವೆಂದು ಹೇಳಿದ್ದಾಯಿತು. ಆದರೆ ದಕ್ಷಿಣದ ಬಾಗಿಲಿನ ಮಾನ ಕಾಯುತ್ತಿರುವವಳು ಸುಕೃತಿ ಒಬ್ಬಳೇ, ಅವಳೂ ಬಿಟ್ಟರೆ ಲೆಕ್ಕ ಮತ್ತೆ ಬೀಳುತ್ತದೆ ಎಂಬುದು ಕೃಷ್ಣಮ್ಮನಿಗೆ ಹೊಳೆಯದಿರುತ್ತದೆಯೇ? ಅಂದಿನಿಂದ ಆ ಬಾಗಿಲಿಗೆ ರಾತ್ರಿಯೂಟಕ್ಕೆ ಮುದ್ದೆ, ಬಸ್ಸಾರು ಹೋಗತೊಡಗಿತು. ಗಂಡಿನ ಕಡೆಯವರು ವಿಚಾರಿಸಲು ಬಂದರೆ, ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಗೇಟಿನಲ್ಲೇ ಹೇಳಿ ಕಳಿಸಿದಳು.

"ಆಂಟಿ, ಹೀಗೆ ಮಾಡಿದ್ರೆ ಪರೀಕ್ಷೆ ಕೆಡುತ್ತೆ. ನಾನಿಲ್ಲಿರೋದು ಬಾಗಿಲಿಂದಾನೋ ಬಸ್ಸಾರಿಂದಾನೋ ಹೇಗೆ ಗೊತ್ತಾಗ್ಬೇಕು?"

"ಕೆಟ್ರೆ ಕೆಡ್ಲಿ ಬುಡು. ಮುದ್ದೆ ಆರೋಗ್ತದೆ, ತಿನ್ನು."