ಮೊದಲ ಮಾತು ಯಾರದು

ಇವತ್ತಿಗೂ ಸ್ಟಾಪ್‌ವಾಚ್ ಕಂಡರೆ ನನಗೆ ಮೈ ಉರಿಯುತ್ತದೆ. ಮೈದಾನದಲ್ಲಿ ಮಕ್ಕಳನ್ನು ಓಡಿಸುವ ಪಿ.ಟಿ. ಮೇಷ್ಟ್ರ ಕೊರಳಲ್ಲಿ ಅದು ನೇತಾಡುತ್ತಿದ್ದರೆ ಪರವಾಗಿಲ್ಲ. ಮಗುವಿನ ಬಾಯಿಂದ ಮಾತು ಎಷ್ಟು ಬೇಗ ಹೊರಡುತ್ತದೆ ಎಂದು ಅಳೆಯಲು ಅದನ್ನು ನನ್ನ ಕೈಗೆ ಕೊಟ್ಟ ಮನುಷ್ಯನನ್ನು ಮಾತ್ರ ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಎಂಬತ್ತರ ದಶಕದಲ್ಲಿ ನಾನು ಭಾಷಾಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ನಮ್ಮದು ಬೂದಿಕೋಟೆ ಪಕ್ಕದ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನ ಮನೆಗೆ ಹೋದರೆ ಬೀದಿಯೆಲ್ಲ ತಮಿಳು. ಅದೊಂದು ಸಂಗತಿ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ಮಕ್ಕಳು ಎರಡನೆಯ ಭಾಷೆಯನ್ನು ಹೇಗೆ ಕಲಿಯುತ್ತಾರೆ ಎನ್ನುವುದಕ್ಕೂ ಒಂದು ಶಾಸ್ತ್ರವಿದೆ ಎಂದು ಎಂ.ಎ. ಓದುವಾಗ ಗೊತ್ತಾಗಿ, ನಮ್ಮ ಊರಿನವರನ್ನೇ ಯಾರೋ ಹೊಗಳಿದಷ್ಟು ಖುಷಿಪಟ್ಟಿದ್ದೆ. ಮನೆಯಲ್ಲಿ ತಮಿಳಾಡುವ ಗಣಿ ಕೆಲಸಗಾರರ ಮಕ್ಕಳು ಶಾಲೆಯ ಕನ್ನಡವನ್ನು ಹೇಗೆ ಕಲಿಯುತ್ತಾರೆ ಎಂಬುದನ್ನೇ ಸಂಶೋಧನೆಗೆ ಆರಿಸಿಕೊಂಡೆ. ಅಪ್ಪ ಮಗಳು ಡಾಕ್ಟರಾಗುತ್ತಾಳೆಂದು ಡೈರಿಗೆ ಹಾಲು ಹಾಕಲು ಬರುವವರಿಗೆಲ್ಲ ಹೇಳಿ, ಕೆಮ್ಮು ಇದ್ದವರು ನಮ್ಮ ಮನೆ ಬಾಗಿಲಿಗೆ ಬರುವಂತೆ ಮಾಡಿದ್ದರು.

ನನ್ನ ಗೈಡ್ ದೊಡ್ಡ ಹೆಸರಿನವರು. ಹೊರದೇಶದಲ್ಲಿ ಓದಿ, ಅಲ್ಲಿಂದ ಒಂದು ಪರೀಕ್ಷೆಯನ್ನು ಜೊತೆಗೇ ತಂದಿದ್ದರು. ಅದರ ಕ್ರಮ ಹೀಗೆ: ಮಗುವನ್ನು ಒಂದು ಕೋಣೆಯೊಳಗೆ ಒಂಟಿಯಾಗಿ ಕೂರಿಸಬೇಕು. ಮುಂದೆ ಒಂದು ಚಿತ್ರ ಇಡಬೇಕು. ಟೇಪ್ ರೆಕಾರ್ಡರಿನ ಗುಂಡಿ ಒತ್ತಬೇಕು, ಸ್ಟಾಪ್‌ವಾಚ್ ಒತ್ತಬೇಕು, ಆಮೇಲೆ ಪರೀಕ್ಷೆ ಮಾಡುವವರು ತುಟಿ ಪಿಟಕ್ಕೆನ್ನಬಾರದು. ಚಿತ್ರದ ಬಗ್ಗೆ ಮಗು ತಾನಾಗಿಯೇ ಎಷ್ಟು ಬೇಗ, ಎಷ್ಟು ಮಾತಾಡುತ್ತದೋ ಅಷ್ಟು ಅಂಕ. "ನೀವು ಒಂದು ಪದ ಆಡಿದರೂ ಮಗುವಿನ ಭಾಷೆ ಕಲುಷಿತವಾಗುತ್ತದೆ" ಎಂದಿದ್ದರು. ಕೆರೆಗೆ ಕೊಳಕು ನೀರು ಬಿಡುವವರ ಬಗ್ಗೆ ಹೇಳುವ ಹಾಗಿತ್ತು ಅವರ ದನಿ. ಅವರ ಗೆರೆ ದಾಟಿದ ವಿದ್ಯಾರ್ಥಿಗಳು ಡಿಗ್ರಿಯಿಲ್ಲದೆ ಮನೆ ಸೇರಿದ್ದು ನಮಗೆಲ್ಲ ಗೊತ್ತಿತ್ತು. ಹೂಂ ಎಂದೆ.

ಗಣಿ ಊರಾದ ಉರಿಗಾಂನ ಒಂದು ಪ್ರಾಥಮಿಕ ಶಾಲೆಯಲ್ಲಿ ಜಾಗ ಸಿಕ್ಕಿತು. ಹಳ್ಳಿಯಿಂದ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಗಣಿ ಕಡೆಯ ರೈಲು ಹಿಡಿಯುತ್ತಿದ್ದೆ. ಶಾಲೆಯ ಹಿಂದೆ ಸೈನೈಡ್ ದಿಬ್ಬ, ಚಿನ್ನ ತೆಗೆದು ಬಿಸಾಡಿದ ಗಣಿ ಮಣ್ಣಿನ ಗುಡ್ಡೆ. ಗಾಳಿ ಬೀಸಿದರೆ ಬೆಂಚಿನ ಮೇಲೆಲ್ಲ ಬಿಳಿಯ ಧೂಳು. ಹೆಡ್‌ಮಾಸ್ಟರು ಒಳ್ಳೆಯವರೇ, ಆದರೆ ಮೇಲಿನವರೆಂದರೆ ಕೈಕಾಲು ನಡುಗುವ ಜಾತಿ. "ಜಾಗ ಕೊಡ್ತೀನಮ್ಮ, ಆದ್ರೆ ನಿಮ್ಮ ಅಂಕ ನಮ್ಗೂ ಒಂದು ಕಾಪಿ ಕೊಟ್ಬಿಡಿ. ಯೂನಿವರ್ಸಿಟಿ ಪರೀಕ್ಷೆ ಅಂದ್ರೆ ಸುಮ್ನೇನಾ" ಎಂದರು. ಗೈಡ್ ಒಪ್ಪಿದರು, ಕೊಟ್ಟೆ.

ಮಕ್ಕಳು ಬಾಯಿ ಬಿಡಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು, ಕೈ ಕಟ್ಟಿಕೊಂಡು ಕೂತು, ಚಿತ್ರವನ್ನು ಒಮ್ಮೆ ನೋಡಿ, ಆಮೇಲೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಟೇಪು ಸುತ್ತುತ್ತಿತ್ತು, ವಾಚು ಟಿಕ್ಕೆನ್ನುತ್ತಿತ್ತು. ಕೆಲವರು ಒಂದೆರಡು ಪದ ಗೊಣಗಿದರು. ಉಳಿದವರಿಗೆಲ್ಲ ನಿಯಮದ ಪ್ರಕಾರ ಸೊನ್ನೆ. ಅಂಗಳದಲ್ಲಿ ಕಿವಿ ತೂತು ಬೀಳುವಂತೆ ಅರಚುವ ಅದೇ ಮಕ್ಕಳು ಒಳಗೆ ಬಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುವುದು ನೋಡಿ ನನಗೆ ತಲೆ ಕೆಟ್ಟುಹೋಗಿತ್ತು.

ಆರನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಅಪ್ಪ ಗಣಿಯಲ್ಲಿ ಭೂಮಿಯೊಳಗಿನ ಕೆಲಸಗಾರ, ವಾಸ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ, ಮನೆಮಾತು ತಮಿಳು. ಎರಡು ಜಡೆ, ಹಣೆಯ ಮೇಲೆ ದೊಡ್ಡ ಬೊಟ್ಟು. ಅವಳೂ ಹಾಗೇ ಸುಮ್ಮನೆ ಕೂತಳು. ಕೊನೆಗೆ ವಾಚು ನಿಲ್ಲಿಸಿ ಸೊನ್ನೆ ಬರೆದೆ. ಎದ್ದು ಹೊರಡುವಾಗ ಅವಳ ತುಟಿ ಒಣಗಿದ್ದು ಕಂಡು, "ನೀರು ಕುಡೀತೀಯೇನಮ್ಮ?" ಎಂದೆ.

ಅಷ್ಟೇ. ಕಟ್ಟೆ ಒಡೆಯಿತು.

"ಬೇಡ ಅಕ್ಕಾ, ಈಗ ಕುಡ್ದೆ. ಅಕ್ಕಾ, ಆ ನಾಯಿ ರೊಟ್ಟಿ ಎತ್ಕೊಂಡು ಓಡ್ತಾ ಐತಲ್ಲ, ಆ ಯಮ್ಮ ಪೊರಕೆ ಹಿಡ್ಕೊಂಡು ಇಂದೆ ಓಡಿದ್ರೆ ಸಿಗಲ್ಲ ಅಕ್ಕಾ. ಬಾಗ್ಲು ಯಾಕೆ ತೆಗ್ದು ಇಟ್ಟವ್ರೆ? ನಮ್ಮ ಲೈನಲ್ಲಿ ಇಂಗೆ ಬಿಟ್ರೆ ನಾಯಿ ಏನು, ಅಂದೀನೇ ಒಳಗೆ ಬಂದು ಮಲ್ಕೊಂತೈತೆ!"

ಅವಳು ಹೇಳುತ್ತಲೇ ಹೋದಳು. ಚಿತ್ರದಲ್ಲಿದ್ದ ಬಾವಿ, ಮರ, ಗೋಡೆಯಾಚೆ ಇಣುಕುವ ಮುದುಕ, ಒಂದನ್ನೂ ಬಿಡಲಿಲ್ಲ. ಇಷ್ಟೆಲ್ಲ ಮಾತಿಟ್ಟುಕೊಂಡು ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, ಇಷ್ಟು ದೊಡ್ಡವರಿಗೆ ಇದೂ ತಿಳಿಯದೇ ಎನ್ನುವ ಹಾಗೆ ನನ್ನನ್ನು ನೋಡಿದಳು. "ನೀವು ಯಾವ ಮಾತು ಅಂತ ನಂಗೆ ಎಂಗ್ ಗೊತ್ತಾಯ್ತದೆ ಅಕ್ಕಾ? ನೀವು ಮಾತೇ ಆಡ್ಲಿಲ್ಲ."

ಚಿನ್ನದ ಗಣಿಯ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಬಾಗಿಲಿಗೆ ಬಂದರೆ ಮಕ್ಕಳು ಮೊದಲು ಬಾಯಿ ತೆರೆಯುವುದಿಲ್ಲ. ಬಂದವರು ಒಂದು ಮಾತಾಡಲಿ ಎಂದು ಕಾಯುತ್ತಾರೆ, ಅವರದು ಯಾವ ಭಾಷೆಯೋ ಅದರಲ್ಲೇ ಉತ್ತರ ಕೊಡುತ್ತಾರೆ. ಬೇತಮಂಗಲದಿಂದ ಸೊಪ್ಪು ತರುವ ಹೆಂಗಸಿಗೆ ಒಂದು, ಸೂಜಿ ಹಾಕುವ ನರ್ಸಮ್ಮನಿಗೆ ಒಂದು, ಶಾಲೆ ತಪಾಸಣೆಗೆ ಬರುವ ಸಾಹೇಬರಿಗೆ ಇನ್ನೊಂದು. ಬಂದವರಿಗೆ ಬಾರದ ಭಾಷೆಯಲ್ಲಿ ಮಾತು ಶುರು ಮಾಡಿ ಅವರನ್ನು ಮುಜುಗರಕ್ಕೆ ಸಿಕ್ಕಿಸುವುದು ಮನೆಯ ಮರ್ಯಾದೆ ಕಳೆಯುವ ಕೆಲಸ. ನಮ್ಮಮ್ಮನೂ ನಮ್ಮನ್ನು ಹಾಗೇ ಬೆಳೆಸಿದ್ದಳು. ನೆಂಟರಿಗೆ ಚಾಪೆ ಹಾಸುವಷ್ಟು ಸಹಜವಾದದ್ದನ್ನು ಯಾರು ತಾನೇ ಒಂದು ವಿಷಯ ಎಂದುಕೊಳ್ಳುತ್ತಾರೆ? ಈ ಮಕ್ಕಳೆದುರು ಒಬ್ಬರನ್ನು ಮೂಗಿಯ ಹಾಗೆ ಕೂರಿಸಿ, ಮಾತಾಡು ಎಂದರೆ ಅವರಾದರೂ ಏನು ಮಾಡಬೇಕು?

ಟೇಪು ಇನ್ನೂ ಸುತ್ತುತ್ತಲೇ ಇತ್ತು. ಆ ಕ್ಯಾಸೆಟ್ಟನ್ನು ಮಗುವಿನಂತೆ ಎದೆಗೊತ್ತಿಕೊಂಡು ಗೈಡ್ ಹತ್ತಿರ ಓಡಿದೆ. ಸಂಶೋಧನೆಯ ದೊಡ್ಡ ಗಂಟೇ ಸಿಕ್ಕಿದೆ ಎಂದು ನನ್ನ ಸಡಗರ. ಅವರು ಕೇಳಿದರು, ನಕ್ಕರು, ಕ್ಯಾಸೆಟ್ ಹಿಂದಕ್ಕೆ ತಳ್ಳಿದರು. "ನೀರು ಬೇಕಾ ಅಂತ ನೀನೇ ಕೇಳಿದ್ದೀಯಲ್ಲಮ್ಮ. ಇದು ಲೆಕ್ಕಕ್ಕೆ ಬರೋದಿಲ್ಲ. ಸೊನ್ನೆ ಸೊನ್ನೆಯೇ." ಆಮೇಲೆ ಪ್ರಬಂಧದ ಕೊನೆಯ ಅಧ್ಯಾಯ ಹೇಗಿರಬೇಕೆಂದು ಹೇಳಿದರು. ಗಣಿ ಪ್ರದೇಶದ ಮಕ್ಕಳಿಗೆ ಗಟ್ಟಿಯಾದ ತಾಯ್ನುಡಿ ಇಲ್ಲ, ಹಲವು ಭಾಷೆಗಳ ಗೊಂದಲದಲ್ಲಿ ಯಾವ ಭಾಷೆಯೂ ನೆಲೆಯೂರಿಲ್ಲ, ಆದ್ದರಿಂದ ಕಲಿಯುವ ಶಕ್ತಿ ಕುಂಠಿತವಾಗಿದೆ. ಇದನ್ನು ನನ್ನ ಕೈಯಿಂದ, ನನ್ನ ಹೆಸರಿನಲ್ಲಿ ಬರೆಸಬೇಕೆಂದಿದ್ದರು. ಆ ಮಕ್ಕಳಲ್ಲಿ ನಾನೂ ಸೇರಿದ್ದೇನೆ ಎಂಬುದು ಅವರ ತಲೆಗೆ ಹೋಗಿತ್ತೋ ಇಲ್ಲವೋ. ಹೋಗಿದ್ದರೂ ಅವರು ಹಾಗೇ ಹೇಳುತ್ತಿದ್ದರು ಎಂದೇ ನನ್ನ ನಂಬಿಕೆ.

ವರ್ಷದ ಕೊನೆಗೆ ಮತ್ತೊಂದು ಪೆಟ್ಟು ಬಿತ್ತು. ಹೆಡ್‌ಮಾಸ್ಟರು ಆ ಹುಡುಗಿಯನ್ನು ಏಳನೇ ಕ್ಲಾಸಿಗೆ ಹಾಕದೆ ಆರರಲ್ಲೇ ಉಳಿಸಲು ಹೊರಟಿದ್ದರು. ಜ್ವರದಲ್ಲಿ ಮಲಗಿ ಶಾಲೆಯ ಪರೀಕ್ಷೆಯೊಂದನ್ನು ಅವಳು ತಪ್ಪಿಸಿಕೊಂಡಿದ್ದಳು, ಅದರ ಬದಲು ಇವರ ಕಣ್ಣಿಗೆ ಬಿದ್ದದ್ದು ನನ್ನ ಸೊನ್ನೆ. ಅವಳ ತಾಯಿ ಶಾಲೆಯ ಬಾಗಿಲಲ್ಲಿ ನಿಂತು, ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಿಸುವುದಕ್ಕಿಂತ ಊದುಬತ್ತಿ ಹೊಸೆಯಲು ಹಾಕುತ್ತೇನೆ, ಅಪ್ಪನೂ ಹಾಗೇ ಹೇಳಿದ್ದಾನೆ ಎಂದು ತಮಿಳಿನಲ್ಲಿ ಹೇಳಿದಳು. ಜಗಳವಾಡಲು ಬಂದವಳಲ್ಲ. ಯೂನಿವರ್ಸಿಟಿಯವರೇ ದಡ್ಡಿ ಎಂದ ಮೇಲೆ ಜಗಳಕ್ಕೇನಿದೆ ಎಂದುಕೊಂಡಿದ್ದಳು. ಆ ತಗ್ಗಿದ ದನಿ ಕೇಳಿ ನನಗೆ ಅಳು ಬರಲಿಲ್ಲ, ಪಿತ್ತ ನೆತ್ತಿಗೇರಿತು.

"ಆ ಅಂಕ ತಪ್ಪು ಸಾರ್, ಇನ್ನೊಂದ್ ಸಲ ಪರೀಕ್ಷೆ ಮಾಡ್ತೀನಿ" ಎಂದೆ ಹೆಡ್‌ಮಾಸ್ಟರಿಗೆ.

"ನಿಮ್ಮ ಗೈಡು ಒಪ್ಬೇಕಲ್ಲಮ್ಮ. ದೊಡ್ಡೋರು ಬರೆದಿದ್ದನ್ನ ನಾನ್ ಎಂಗ್ ಒಡೀಲಿ?"

ಗೈಡ್ ಕೈಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವರೇ ಬರಲು ಒಪ್ಪಿದರು. ಪರೀಕ್ಷೆ ಹೇಗೆ ಮಾಡಬೇಕೆಂದು ನನಗೆ ತೋರಿಸಿಕೊಡುತ್ತಾರಂತೆ. ಬಂಗಾರಪೇಟೆಯಲ್ಲಿ ಅವರನ್ನು ಎದುರುಗೊಂಡು ರೈಲು ಹತ್ತಿಸಿದೆ. ದಾರಿಯುದ್ದಕ್ಕೂ ಮೂಗಿಗೆ ಕರ್ಚೀಫು ಹಿಡಿದಿದ್ದರು.

ಹುಡುಗಿ ಬಂದು ಕೂತಳು. ಎಣ್ಣೆ ಹಚ್ಚಿ ಬಾಚಿದ ಜಡೆ, ಇಸ್ತ್ರಿಯ ಬಟ್ಟೆ. ಮನೆಯಲ್ಲಿ ಎಲ್ಲರೂ ಸೇರಿ ತಯಾರು ಮಾಡಿ ಕಳಿಸಿದ್ದು ಕಾಣುತ್ತಿತ್ತು. ನನ್ನನ್ನೂ ಹೆಡ್‌ಮಾಸ್ಟರನ್ನೂ ಬಾಗಿಲ ಬಳಿ ನಿಲ್ಲಿಸಿ, ಮಾತಾಡಕೂಡದೆಂದು ಗೈಡ್ ಅವಳು ಬರುವ ಮೊದಲೇ ತಾಕೀತು ಮಾಡಿದ್ದರು. ಚಿತ್ರ ಇಟ್ಟರು. ಗುಂಡಿ ಒತ್ತಿದರು. ಸುಮ್ಮನೆ ಕೂತರು.

ಹುಡುಗಿ ಅವರ ಬಾಯಿಯನ್ನು ನೋಡಿದಳು. ಅವರು ವಾಚನ್ನು ನೋಡಿದರು. ಅವಳು ನನ್ನ ಕಡೆ ತಿರುಗಿದಳು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಆಮೇಲೆ ಅವಳು, ಹಿರಿಯರೆದುರು ತಾನಾಗಿ ಬಾಯಿ ತೆರೆಯಬಾರದೆಂದು ಹುಟ್ಟಿದಾಗಿನಿಂದ ಕೇಳಿ ಬೆಳೆದ ಆ ಹುಡುಗಿ, ಮೆಲ್ಲಗೆ ಕೇಳಿದಳು.

"ಸಾರ್, ನಿಮ್ಗೆ ಯಾವ ಮಾತು ಬರ್ತದೆ?"

ಗೈಡ್ ಪೆನ್ಸಿಲಿನಿಂದ ಚಿತ್ರ ತೋರಿಸಿದರು. ಕನ್ನಡ ಬರುವುದಿಲ್ಲವೇನೋ ಎಂದುಕೊಂಡು ಅವಳು ಅದನ್ನೇ ತಮಿಳಿನಲ್ಲಿ ಕೇಳಿದಳು.

"ಉಂಗಳುಕ್ಕು ಎನ್ನ ಭಾಷೆ ತೆರಿಯುಂ ಸಾರ್?"

ಮತ್ತೆ ಪೆನ್ಸಿಲು. ತಮಿಳೂ ಅಲ್ಲ.

"ಮೀಕು ಏ ಭಾಷ ವಚ್ಚು ಸಾರ್?"

ತೆಲುಗಿಗೂ ಪೆನ್ಸಿಲೇ ಉತ್ತರ. ಅವಳು ಕೈ ಕಟ್ಟಿಕೊಂಡು, ತನ್ನಿಂದಾದದ್ದನ್ನು ಮಾಡಿದೆ ಎನ್ನುವಂತೆ ಕೂತಳು. ಗೈಡ್ ವಾಚು ನಿಲ್ಲಿಸಿ ತಮ್ಮ ಹಾಳೆಯಲ್ಲಿ ಸೊನ್ನೆ ಬರೆದು, ಅದನ್ನು ಚೀಲಕ್ಕೆ ಹಾಕಿಕೊಂಡರು.

ರೈಲಿನಲ್ಲಿ ಬಂಗಾರಪೇಟೆಗೆ ವಾಪಸಾಗುವಾಗ ಅವರು ಗೆದ್ದವರ ಉತ್ಸಾಹದಲ್ಲಿದ್ದರು. "ನೋಡಿದೆಯಾ? ಮೂರು ಭಾಷೆಯಲ್ಲಿ ಒಂದೊಂದು ವಾಕ್ಯ. ಚಿತ್ರದ ಬಗ್ಗೆ ಒಂದಾದರೂ ಮಾತಿದೆಯಾ? ನಾನು ಹೇಳಿದ ಗೊಂದಲ ಅಂದರೆ ಇದೇ. ಇದನ್ನೇ ಉದಾಹರಣೆಯಾಗಿ ಹಾಕು."

ಎದುರಿಗಿರುವವರ ಭಾಷೆ ಯಾವುದು ಎಂದು ಮೂರು ಭಾಷೆಯಲ್ಲಿ ವಿಚಾರಿಸಿದ ಮಗು ಗೊಂದಲದಲ್ಲಿದೆಯಂತೆ. ಒಂದೇ ಒಂದು ಭಾಷೆಯಲ್ಲೂ ಅದಕ್ಕೆ ಉತ್ತರ ಕೊಡದ ಈ ಮನುಷ್ಯ ವಿದ್ವಾಂಸನಂತೆ! ಬಂಗಾರಪೇಟೆಯ ಪ್ಲಾಟ್‌ಫಾರಂ ಮೇಲೆ, ಅವರ ಗಾಡಿ ಬರುವ ಹೊತ್ತಿಗೆ ಹೇಳಿದೆ.

"ನಾನು ಅದನ್ನು ಬರೆಯೋದಿಲ್ಲ ಸರ್."

"ಬರೆಯದಿದ್ದರೆ ಡಿಗ್ರಿ ಇಲ್ಲ."

"ಬೇಡ."

ನನ್ನ ದನಿ ಎಷ್ಟು ಏರಿತ್ತೆಂದರೆ ಕಡಲೆಕಾಯಿ ಮಾರುವವಳು ತಿರುಗಿ ನೋಡಿದಳು. ಅವರು ಏನೋ ಗೊಣಗಿ ಡಬ್ಬಿ ಹತ್ತಿದರು. ಅಪ್ಪನ ಮುಖ ಕಣ್ಣ ಮುಂದೆ ಬಂದದ್ದು ಗಾಡಿ ಹೊರಟ ಮೇಲೆ.

ಮಾರನೆಯ ದಿನ ಹೆಡ್‌ಮಾಸ್ಟರ ಮುಂದೆ ನಿಂತೆ. "ಸಾರ್, ನಾನು ಸಂಶೋಧನೆ ಬಿಟ್ಟಿದ್ದೀನಿ. ನಿಮ್ಮ ಹತ್ರ ಇರೋ ಅಂಕ ನಾನು ಹಾಕಿದ್ದು. ನಾನೇ ಯೂನಿವರ್ಸಿಟಿಯವಳಲ್ಲ ಅಂದ್ಮೇಲೆ ಅದು ಯಾವ ಯೂನಿವರ್ಸಿಟಿ ಪರೀಕ್ಷೆ? ವಾಪಸ್ ತಗೊಂಡೆ ಅಂತ ಬರೆದು ಕೊಡ್ತೀನಿ, ಹುಡುಗೀನ ಏಳಕ್ಕೆ ಹಾಕಿ."

ಅವರು ಮೀಸೆ ತಿರುವಿದರು. ಹಿಂದಿನ ದಿನ ಬಾಗಿಲಲ್ಲಿ ನಿಂತು ಅವರೂ ಎಲ್ಲ ಕೇಳಿದ್ದರು, ಆದರೆ ಕೇಳಿದ್ದನ್ನು ನಂಬಲು ಅವರಿಗೆ ಒಂದು ಕಾಗದ ಬೇಕಾಗಿತ್ತು. "ನಿಮ್ಮ ಓದು ಹಾಳಾಯ್ತಲ್ಲಮ್ಮ" ಎಂದರು.

"ಅದು ನನ್ನ ತಲೆನೋವು. ನೀವು ಪೇಪರ್ ಕೊಡಿ ಸಾರ್."

ಬರೆದು ಕೊಟ್ಟೆ. ಹುಡುಗಿ ಏಳನೇ ಕ್ಲಾಸಿಗೆ ಹೋದಳು. ಅಪ್ಪ ನನ್ನ ಜೊತೆ ಒಂದು ಬೇಸಿಗೆಯಿಡೀ ಸರಿಯಾಗಿ ಮಾತಾಡಲಿಲ್ಲ, ನಾನು ಬಂಗಾರಪೇಟೆಯಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದೆ. ಗೈಡ್ ನನ್ನ ಸೊನ್ನೆಗಳನ್ನು ಎಸೆಯಲಿಲ್ಲ. ಕೆಲವು ವರ್ಷಗಳ ನಂತರ ಅದೇ ವಿಷಯದ ಮೇಲೆ ಇನ್ನೊಬ್ಬರ ಪ್ರಬಂಧ ಲೈಬ್ರರಿಯಲ್ಲಿ ಕಂಡಿತು. ಕೊನೆಯ ಅಧ್ಯಾಯ ತೆರೆದರೆ ಅದೇ ಗೊಂದಲ, ಅದೇ ಕುಂಠಿತ ಶಕ್ತಿ. ಮೂರು ಭಾಷೆಗಳ ಮೂರು ವಾಕ್ಯಗಳೂ ಅಲ್ಲಿವೆ, ರೋಗದ ಲಕ್ಷಣದ ಹಾಗೆ ಅಚ್ಚಾಗಿವೆ. ಅದಕ್ಕೆ ಡಾಕ್ಟರೇಟ್ ಸಿಕ್ಕಿತ್ತು. ಆ ಪುಸ್ತಕವನ್ನು ಹರಿದು ಹಾಕಬೇಕೆಂಬ ಆಸೆ ನನಗೆ ಇಂದಿಗೂ ಹೋಗಿಲ್ಲ.

ಹಾಗೆ ಸಿಟ್ಟು ಬಂದಾಗಲೆಲ್ಲ, ಕಾಗದ ಬರೆದುಕೊಟ್ಟು ಶಾಲೆಯಿಂದ ಹೊರಬಂದ ಆ ಬೆಳಿಗ್ಗೆ ನೆನಪಾಗುತ್ತದೆ. ಗೇಟಿನ ಹತ್ತಿರ ಆ ಹುಡುಗಿ ನನಗಾಗಿ ಕಾಯುತ್ತಿದ್ದಳು. ಪಾಸೋ ಫೇಲೋ ಕೇಳುತ್ತಾಳೆ ಎಂದುಕೊಂಡು, "ಏನಮ್ಮ?" ಎಂದೆ. ಅವಳ ಮನಸ್ಸಿನಲ್ಲಿ ಬೇರೆಯೇ ಇತ್ತು.

"ಪಾಪ ಅಕ್ಕಾ, ಆ ಸಾರ್‌ಗೆ ಯಾವ ಮಾತೂ ಬರಲ್ವಾ?"

ಅಣಕಿಸಲು ಕೇಳಿದ್ದರೆ ನಾನೂ ಸೇರಿ ನಕ್ಕುಬಿಡುತ್ತಿದ್ದೆ. ಅವಳು ನಿಜವಾಗಿಯೂ ಮರುಗಿ ಕೇಳುತ್ತಿದ್ದಳು.