ಮುದ್ದೆ ತಿಂದ ಕುದುರೆ

ತಿಗನಾರೆಯ ಸಿದ್ದಮಲ್ಲಪ್ಪ ಇಪ್ಪತ್ತೆಂಟು ವರ್ಷ ರೇಸ್ ಕೋರ್ಸಿನ ಲಾಯದಲ್ಲಿ ಕುದುರೆ ನೋಡಿಕೊಂಡವನು. ಯಾವ ಊರಿನ ರೇಸ್ ಕೋರ್ಸು ಎಂದು ಕೇಳಿದರೆ ಹೇಳುವುದಿಲ್ಲ. ಹೆಸರೆತ್ತಿದರೆ ಬಾಯಿ ಮುಕ್ಕಳಿಸಬೇಕಾಗುತ್ತದಂತೆ. ಅಷ್ಟು ವರ್ಷ ಅವನು ಬಾಚಿದ ಲದ್ದಿಯನ್ನು ಒಂದೇ ಕಡೆ ಸುರಿದಿದ್ದರೆ, ಇಪ್ಪತ್ತೇಳು ತಿರುವಿನ ದಿಂಬಂ ಘಾಟಿಗೆ ಇನ್ನೊಂದು ತಿರುವು ಸೇರಿಸಬೇಕಾಗುತ್ತಿತ್ತು. ಆ ಲದ್ದಿಯ ಮೇಲೆ ಅವನಿಗೆ ಸಿಟ್ಟಿಲ್ಲ. ಹುಲ್ಲು ತಿಂದದ್ದು ಹುಲ್ಲಿನ ವಾಸನೆಯನ್ನೇ ಹೊಡೆಯುತ್ತದೆ. ಅವನಿಗೆ ಹೇಸಿಗೆ ಹುಟ್ಟಿಸಿದ್ದು ಕಟಕಟೆಯ ಆಚೆಯ ಜನ. ಗೆದ್ದ ಕುದುರೆಯ ಮೂತಿಗೆ ಮುತ್ತಿಟ್ಟ ಬಾಯಲ್ಲೇ ಮುಂದಿನ ವಾರ ಅದರ ತಾಯಿಯನ್ನು ಬೈಯುತ್ತಿದ್ದರು. ಸಂಜೆಗೆ ಎಲೆಯಡಿಕೆಯ ಉಗುಳು, ಹರಿದು ಬಿಸಾಡಿದ ಬಾಜಿಯ ಚೀಟಿ ಎಲ್ಲ ಸೇರಿ ಮೊಣಕಾಲುದ್ದ ನಿಲ್ಲುತ್ತಿತ್ತು. ದಾಟುವುದಕ್ಕೆ ಹರಿಗೋಲು ಬೇಕಿತ್ತು ಎನ್ನುತ್ತಾನೆ.

ತನ್ನ ಕೈಯ ಮೇಲಿನ ಹೇಸಿಗೆ ಬೇರೆ. ಒಮ್ಮೆ ಒಂದು ಕಂದು ಕುದುರೆಯ ಮುಂಗಾಲು ಊದಿ ಬಿಸಿಯಾಗಿತ್ತು. ಯಜಮಾನ ನೋವು ತಿಳಿಯದಂತೆ ಸೂಜಿ ಹಾಕಿಸಿದ. ಅದು ಕೊಸರಾಡದಂತೆ ಹಿಡಿದುಕೊಂಡವನು ಸಿದ್ದಮಲ್ಲಪ್ಪ. ಓಟದ ತಿರುವಿನಲ್ಲಿ ಆ ಕಾಲು ಜೋಳದ ದಂಟಿನಂತೆ ಮುರಿಯಿತು. ಸುತ್ತ ಪರದೆ ಹಿಡಿದು ಕುದುರೆಯನ್ನು ಮುಗಿಸಿದರು. ಪರದೆಯಾಚೆ ಜನ ಮುಂದಿನ ಓಟಕ್ಕೆ ಚೀಟಿ ಕೊಳ್ಳುತ್ತಿದ್ದರು. ಅಂದಿನಿಂದ ಅವನು ಉಣ್ಣುವ ಮುಂಚೆ ಎರಡೆರಡು ಸಲ ಕೈ ತೊಳೆಯುತ್ತಾನೆ.

ಕೆಲಸ ಬಿಟ್ಟು ಊರಿಗೆ ಮರಳಿದ ಇಂಥವನ ಕೊಟ್ಟಿಗೆಗೆ ತಮ್ಮನ ಮಗ ಉಮಾಶಂಕರ್, ರೇಸಿನಿಂದ ಹೊರಬಿದ್ದ ಒಂದು ಹೆಣ್ಣುಕುದುರೆಯನ್ನು ತಂದು ಕಟ್ಟಿದ. ಪೊಂಗಲ್ ಹಬ್ಬದ ರೇಕ್ಲಾ ಓಟಕ್ಕೆ, ಎಂದರೆ ಎರಡು ಗಾಲಿಯ ಹಗುರ ಗಾಡಿಗಳ ಪಂದ್ಯಕ್ಕೆ, ಅದನ್ನು ಪಳಗಿಸಿ ಕೊಡಬೇಕಂತೆ. ಸಿದ್ದಮಲ್ಲಪ್ಪ ಮೂರು ದಿನ ಗೊಣಗಿದ. ನಾಲ್ಕನೆಯ ದಿನ ಅದರ ಮೈ ಉಜ್ಜುತ್ತಿದ್ದ. ಎರಡು ತಿಂಗಳು ದಿನವೂ ಗಾಡಿ ಎಳೆಸಿದ. ಎಳೆಸಿ ಮುಗಿದ ಮೇಲೆ, ಗಾಡಿಗೆ ಕಟ್ಟಿದ ಪಟ್ಟಿ ಬಿಚ್ಚುವ ಮೊದಲು, ರಾಗಿಮುದ್ದೆಗೆ ಬೆಲ್ಲ ಒತ್ತಿ ತಿನ್ನಿಸುತ್ತಿದ್ದ. ತನಗೆ ಮದುವೆಯಾದಂದಿನಿಂದ ಬೆಲ್ಲದ ಒಂದು ಚೂರೂ ದಕ್ಕಿಲ್ಲವೆಂದು ಹೆಂಡತಿ ಶಾಂತಮಲ್ಲಮ್ಮ ಮುದ್ದೆ ಕಟ್ಟುತ್ತಲೇ ಚುಚ್ಚುತ್ತಿದ್ದಳು. ಮುದ್ದೆ ಬಾಯಿಗೆ ಬಿತ್ತೆಂದರೆ ಆ ದಿನದ ದುಡಿಮೆ ಮುಗಿಯಿತೆಂದು ಕುದುರೆ ಕಲಿತುಬಿಟ್ಟಿತು. ಆಮೇಲೆ ಕಾಡಿನ ಆನೆಗಳೆಲ್ಲ ಸೇರಿ ಹಿಂದಿನಿಂದ ತಳ್ಳಿದರೂ ಹೆಜ್ಜೆ ಎತ್ತಿಡುತ್ತಿರಲಿಲ್ಲ.

ಓಟಕ್ಕೆ ಎರಡು ದಿನವಿರುವಾಗ ಅದರ ಮುಂಗಾಲು ಊದಿತು. ಮುಟ್ಟಿದರೆ ಬಿಸಿ. ಇದನ್ನು ಓಡಿಸಬೇಡವೆಂದು ಸಿದ್ದಮಲ್ಲಪ್ಪ ಹೇಳಿದ.

“ಒಂದ್ ಸೂಜಿ ಆಕ್ಸ್ಬುಟ್ರೆ ಓಡ್ತದೆ ದೊಡ್ಡಪ್ಪ. ನೀನು ಇಡ್ಕೊ, ಸಾಕು,” ಎಂದ ಉಮಾಶಂಕರ್.

ಸಿದ್ದಮಲ್ಲಪ್ಪ ಎರಡೂ ಕೈಯನ್ನು ಹುಡುಗನ ಮೂಗಿನ ಹತ್ತಿರ ಹಿಡಿದ.

“ಅವತ್ತು ಇಡ್ಕಂಡ ಕೈ ಇನ್ನೂ ನಾರ್ತದೆ ಕಣ್ಲಾ. ಮೂಸ್ ನೋಡು.”

ಉಮಾಶಂಕರ್ ಮೂಸಲಿಲ್ಲ. ಹಬ್ಬದ ಬೆಳಿಗ್ಗೆ ಬೇರೆ ನಾಲ್ಕು ಜನರಿಂದ ಹಿಡಿಸಿ ಸೂಜಿ ಹಾಕಿಸಿಯೇಬಿಟ್ಟ. ಕುದುರೆಯ ಕುಂಟು ಮಾಯವಾಯಿತು. ಅದನ್ನು ಕಂಡು ಓಟದ ಬಯಲಿನಲ್ಲಿ ನೆರೆದ ಜನ ಕೇಕೆ ಹಾಕಿದರು. ಅದೇ ಬೆವರು, ಅದೇ ಉಗುಳು, ಅದೇ ಬಾಯಿಗಳು. ಘಟ್ಟ ಹತ್ತಿ ಬಂದಿದ್ದವು, ಅಷ್ಟೆ.

ಗಾಡಿಗಳು ಹಗ್ಗದ ಹಿಂದೆ ಸಾಲಾಗಿ ನಿಂತಾಗ ಸಿದ್ದಮಲ್ಲಪ್ಪ ಜನರನ್ನು ತಳ್ಳಿಕೊಂಡು ಬಂದ. ಟವೆಲಿನ ಗಂಟು ಬಿಚ್ಚಿ, ಎಲ್ಲರೂ ನೋಡುತ್ತಿರುವಾಗಲೇ ಮುದ್ದೆ ತಿನ್ನಿಸಿದ. ಕುದುರೆ ಕಣ್ಣು ಅರೆಮುಚ್ಚಿ ಅಗಿಯಿತು. ಸೀಟಿ ಊದಿದರು. ಉಳಿದ ಗಾಡಿಗಳು ಹಾಸನೂರಿನವರೆಗೂ ಕಾಣುವಷ್ಟು ಧೂಳೆಬ್ಬಿಸಿ ಹೋದವು. ಇದು ನಿಂತೇ ಇತ್ತು. ಉಮಾಶಂಕರ್ ಚಾಟಿ ಎತ್ತಿದ. ದೊಡ್ಡಪ್ಪ ಚಾಟಿಗೂ ಕುದುರೆಗೂ ನಡುವೆ ನಿಂತು ಪಟ್ಟಿ ಬಿಚ್ಚತೊಡಗಿದ.

“ಊರ್ ಮುಂದೆ ಮಾನ ಕಳ್ದ್ಬುಟ್ಟೆ. ಇನ್ನು ಇದನ್ನ ನೀನೇ ಸಾಕ್ಕೊ, ಓಗು,” ಎಂದು ಕೂಗಿದ ಉಮಾಶಂಕರ್.

“ಗಾಡಿನ ನೀನೇ ಎಳ್ಕಂಡ್ ಬಾ. ಕಾಲು ಗಟ್ಯಾಗವೆ ನಿಂಗೆ.”

ಜನ ಈಗ ಉಮಾಶಂಕರನನ್ನು ನೋಡಿ ಅಷ್ಟೇ ಜೋರಾಗಿ ನಕ್ಕರು. ಸಿದ್ದಮಲ್ಲಪ್ಪ ಅತ್ತ ಉಗಿದು, ಕುದುರೆಯನ್ನು ಮೆಲ್ಲಗೆ ನಡೆಸಿಕೊಂಡು ಮನೆಗೆ ಬಂದ. ಕಾಲಿಗೆ ತಣ್ಣೀರು ಹೊಯ್ದು ಒದ್ದೆ ಬಟ್ಟೆ ಸುತ್ತಿದ. ಉಣ್ಣಲು ಕೂರುವ ಮೊದಲು ಕೈ ತೊಳೆದ. ಇವತ್ತಾದರೂ ಒಂದು ಸಲ ಸಾಕಲ್ಲವೇ ಎಂದಳು ಶಾಂತಮಲ್ಲಮ್ಮ.

ಅವನು ಕೈಯನ್ನು ಮೂಸಿ ನೋಡಿ, ಇನ್ನೊಂದು ಚೊಂಬು ನೀರು ಕೇಳಿದ.